ಔಷಧಪಾಕದಲ್ಲಿ ಪುರುಷಭೇದ: ಅರ್ಬುದರೋಗಿಗಳ ವೇದನಾಶಮನದಲ್ಲಿ ವಂಶವಾಹಿ ಪರೀಕ್ಷೆಯ ಸ್ಥಾನ

ವೈದ್ಯನು ಮಾಡತಕ್ಕ ಕಾರ್ಯವು ಎರಡು ಬಗೆಯಾಗಿರುವುದು. ರೋಗವನ್ನು ಅದರ ಮೂಲದಲ್ಲಿಯೇ ಹಿಡಿದು ನಿವಾರಿಸುವುದು ಒಂದು. ರೋಗವು ನಿವಾರಣೆಯಾಗಲಿ ಆಗದಿರಲಿ, ಅದರಿಂದಲೂ ಅದರ ಚಿಕಿತ್ಸೆಯಿಂದಲೂ ಹುಟ್ಟುವ ನೋವು, ಓಕರಿಕೆ, ನಿದ್ರಾಹಾನಿ, ಮನಃಖೇದ ಮೊದಲಾದ ಉಪದ್ರವಗಳನ್ನು ಶಮನಗೊಳಿಸುವುದು ಮತ್ತೊಂದು. ಅರ್ಬುದರೋಗದಲ್ಲಿ ಈ ಎರಡನೆಯದು ಮೊದಲನೆಯದಕ್ಕಿಂತ ಕೀಳಾದುದೆಂದು ರೋಗಿಯ ಮಗ್ಗುಲಲ್ಲಿ ಒಂದು ರಾತ್ರಿ ಕಳೆದವರಾರೂ ಹೇಳಲಾರರು. ಈ ಶಮನೌಷಧಗಳ ವಿಷಯದಲ್ಲಿ ಒಂದು ವಿಚಿತ್ರವು ಬಹುಕಾಲದಿಂದ ವೈದ್ಯರ ಅನುಭವಕ್ಕೆ ಬಂದಿದೆ. ವಯಸ್ಸು, ತೂಕ, ರೋಗ ಇವು ಮೂರೂ ಸಮಾನವಾಗಿರುವ ಇಬ್ಬರಿಗೆ ಒಂದೇ ಗುಳಿಗೆಯನ್ನು ಒಂದೇ ಪ್ರಮಾಣದಲ್ಲಿ ಕೊಟ್ಟರೆ ಒಬ್ಬನ ನೋವು ಇಳಿಯುವುದು, ಮತ್ತೊಬ್ಬನದು ಇದ್ದಂತೆಯೇ ಇರುವುದು. ಅಪೂರ್ವವಾಗಿ ಮೂರನೆಯವನೊಬ್ಬನು ಅದೇ ಗುಳಿಗೆಯಿಂದ ಪ್ರಜ್ಞೆಯನ್ನೇ ಕಳೆದುಕೊಳ್ಳುವನು. ಈ ಭೇದಕ್ಕೆ ಕಾರಣವೇನು, ಅದನ್ನು ಔಷಧ ಕೊಡುವುದಕ್ಕೆ ಮುಂಚೆಯೇ ತಿಳಿಯಬಹುದೆ, ತಿಳಿದರೆ ಎಷ್ಟರಮಟ್ಟಿಗೆ ಪ್ರಯೋಜನವಾದೀತು ಎಂಬುದು ಪ್ರಕೃತ ಲೇಖನದ ವಿಷಯ.

ಶಾಸ್ತ್ರಪಾಠವೇ ವೃತ್ತಿಯಾದ ನನಗೆ ಈ ವಿಚಾರದಲ್ಲಿ ಅಧಿಕಾರವೇನೆಂದು ವಾಚಕಮಹಾಶಯರು ಕೇಳಬಹುದು. ಚಿಕಿತ್ಸೆಯನ್ನು ವಿಧಿಸುವ ಅಧಿಕಾರವು ನನಗಿಲ್ಲ. ಅದನ್ನು ನಾನು ಇಲ್ಲಿ ಮಾಡಿಯೂ ಇಲ್ಲ. ಆದರೆ ಈ ವಿಷಯದ ತಿರುಳು ಪ್ರಮಾಣವಿಚಾರಕ್ಕೆ ಸೇರಿದುದಾಗಿದೆ: ಒಬ್ಬನ ನೋವನ್ನು ಮತ್ತೊಬ್ಬನು ತಿಳಿಯುವುದು ಹೇಗೆ, ಯಾರ ಮಾತನ್ನು ಎಷ್ಟು ನಂಬಬೇಕು, ಒಂದು ಹೇತುವಿನಿಂದ ಒಂದು ಫಲವನ್ನು ಊಹಿಸುವಾಗ ಎಲ್ಲಿ ತಪ್ಪುವೆವು ಎಂಬುದು. ಈ ಪ್ರಶ್ನೆಗಳು ನಮ್ಮ ವಾಚಕರಿಗೆ ಅಪರಿಚಿತವಲ್ಲ.

ಮೊದಲು ಶಬ್ದಗಳ ವಿಷಯವಾಗಿ ಎರಡು ಮಾತು. ಕ್ಯಾನ್ಸರ್ ಎಂಬ ಹೆಸರು ಏಡಿಯೆಂಬ ಅರ್ಥದ ಪ್ರಾಚೀನ ಪದದಿಂದ ಬಂದುದು. ಅದನ್ನನುಸರಿಸಿ ಕನ್ನಡದಲ್ಲಿ ಏಡಿಗಂತಿ ಎಂಬ ಪದವು ಹುಟ್ಟಿದೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಬರುವ ಅರ್ಬುದವೆಲ್ಲವೂ ಕ್ಯಾನ್ಸರೇ ಎಂದು ಹೇಳುವಂತಿಲ್ಲವಾದರೂ ರೂಢಿಗೆ ಬಂದಿರುವುದರಿಂದ ಅದನ್ನೇ ಇಲ್ಲಿ ಬಳಸಿದ್ದೇನೆ. ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬಂದು ದೇಹದ ಒಂದೊಂದು ಕಾರ್ಯವನ್ನು ನಿಯಮಿಸುವ ಸೂಕ್ಷ್ಮಲಿಪಿಗೆ ವಂಶವಾಹಿ ಎಂಬ ಹೆಸರು ಈಗ ನೆಲೆನಿಂತಿದೆ. ಆ ಲಿಪಿಯ ಆದೇಶದಂತೆ ದೇಹದಲ್ಲಿ ಸಿದ್ಧವಾಗಿ, ಒಂದು ದ್ರವ್ಯವನ್ನು ಮತ್ತೊಂದಾಗಿ ಮಾರ್ಪಡಿಸುವ ವಸ್ತುವಿಗೆ ಕಿಣ್ವವೆಂದು ಹೆಸರು. ಇದು ಬಹಳ ಒಪ್ಪುವ ಶಬ್ದ. ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುಳಿಯೆಬ್ಬಿಸುವ ದ್ರವ್ಯಕ್ಕೆ ಕಿಣ್ವವೆಂದು ಹೆಸರಿದೆ. ಪಾಶ್ಚಾತ್ಯರ ಎನ್‌ಜೈಮ್ ಎಂಬ ಶಬ್ದವೂ ಗ್ರೀಕ್ ಭಾಷೆಯ ಹುದುಗೆಂಬ ಪದದಿಂದಲೇ ಹುಟ್ಟಿದುದು. ಪರಿಭಾಷೆಗಳನ್ನು ಕಟ್ಟುವವರೆಲ್ಲರೂ ಇಷ್ಟು ವಿವೇಕವನ್ನು ತೋರಿದ್ದರೆ ನಮ್ಮ ಶಾಸ್ತ್ರಗ್ರಂಥಗಳು ಇಷ್ಟು ಕಠಿನವಾಗುತ್ತಿರಲಿಲ್ಲ.

ಇನ್ನೊಂದು ಭೇದವನ್ನು ಇಲ್ಲಿಯೇ ಗಮನಿಸಬೇಕು. ಅರ್ಬುದರೋಗದಲ್ಲಿ ವಂಶವಾಹಿ ಪರೀಕ್ಷೆಯೆಂದೊಡನೆ ಅನೇಕರು ಗಂತಿಯನ್ನೇ ಪರೀಕ್ಷಿಸುವುದೆಂದು ತಿಳಿಯುವರು. ಗಂತಿಯ ಕೋಶಗಳಲ್ಲಿ ರೋಗದಿಂದ ಉಂಟಾದ ವಿಕಾರಗಳನ್ನು ನೋಡಿ ರೋಗನಾಶಕವಾದ ಔಷಧವನ್ನು ಆರಿಸುವ ಪರೀಕ್ಷೆಯೊಂದು ಇದೆ. ಅದು ನಮ್ಮ ವಿಷಯವಲ್ಲ. ನಾವು ಹೇಳುತ್ತಿರುವುದು ರೋಗಿಯು ಹುಟ್ಟುವಾಗಲೇ ತಂದ ವಂಶವಾಹಿಗಳ ಪರೀಕ್ಷೆಯನ್ನು. ಇದಕ್ಕೆ ಸ್ವಲ್ಪ ರಕ್ತವಾಗಲಿ, ಕೆನ್ನೆಯ ಒಳಭಾಗವನ್ನು ಒರೆಸಿ ತೆಗೆದ ಲಾಲಾರಸವಾಗಲಿ ಸಾಕು. ಗಂತಿಯ ಸ್ವರೂಪವು ಕಾಲಕಾಲಕ್ಕೆ ಬದಲಾಗುವುದು. ಈ ಪರೀಕ್ಷೆಯ ಫಲವಾದರೋ ಒಮ್ಮೆ ಸರಿಯಾಗಿ ತಿಳಿದರೆ ಆಜೀವವೂ ಬದಲಾಗುವುದಿಲ್ಲ.

ಇನ್ನು ಪ್ರಕೃತಕ್ಕೆ ಬರುವ. ನೋವನ್ನು ಅಡಗಿಸುವ ಪ್ರಬಲೌಷಧಗಳ ಕುಲಮೂಲವು ಅಫೀಮು. ಚರಕ ಸುಶ್ರುತರಲ್ಲಿ ಕಾಣದ ಈ ದ್ರವ್ಯವು ಅಹಿಫೇನವೆಂಬ ಹೆಸರಿನಿಂದ ಶಾರ್ಙ್ಗಧರಸಂಹಿತೆಯಲ್ಲಿ ಕಾಣಿಸಿಕೊಳ್ಳುವುದು. ಮೊದಲು ದೇಹವನ್ನೆಲ್ಲ ವ್ಯಾಪಿಸಿ ಅನಂತರ ಪಾಕವನ್ನು ಹೊಂದುವ ದ್ರವ್ಯಕ್ಕೆ ವ್ಯವಾಯಿ ಎಂದು ಹೆಸರಿಟ್ಟು, ಭಂಗಿಯನ್ನೂ ಅಹಿಫೇನವನ್ನೂ ಅದಕ್ಕೆ ಉದಾಹರಣೆಯಾಗಿ ಆ ಗ್ರಂಥಕಾರನು ಕೊಟ್ಟಿರುವನು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಔಷಧಿಕಾರನು ಅಫೀಮಿನಿಂದ ಅದರ ಸಾರವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯ ಹೆಸರನ್ನು ಅದಕ್ಕೆ ಕೊಟ್ಟನು, ಅದೇ ಮಾರ್ಫೀನ್. ೧೮೩೨ರಲ್ಲಿ ಫ್ರಾನ್ಸಿನ ರೋಬಿಕೆ ಎಂಬವನು ಅದೇ ಅಫೀಮಿನಿಂದ ಕೊಡೀನ್ ಎಂಬ ಇನ್ನೊಂದು ಸಾರವನ್ನು ತೆಗೆದನು. ಮಾರ್ಫೀನು ಪ್ರಬಲ, ಕೊಡೀನು ಸೌಮ್ಯ ಎಂಬ ವಿಭಾಗವು ಅಂದಿನಿಂದ ವೈದ್ಯರಲ್ಲಿ ಬೇರೂರಿತು. ವಿಶ್ವ ಆರೋಗ್ಯ ಸಂಸ್ಥೆಯು ೧೯೮೬ರಲ್ಲಿ ಅರ್ಬುದರೋಗದ ನೋವಿಗೆ ಮೂರು ಮೆಟ್ಟಿಲಿನ ಸೋಪಾನವನ್ನು ವಿಧಿಸಿದಾಗಲೂ ಮಧ್ಯದ ಮೆಟ್ಟಿಲಿನಲ್ಲಿ ಕೊಡೀನನ್ನೂ ಮೇಲಿನದರಲ್ಲಿ ಮಾರ್ಫೀನನ್ನೂ ಇಟ್ಟಿತು.

ಈ ಸೌಮ್ಯತೆಯ ಗುಟ್ಟು ಏನೆಂಬುದೇ ನಮ್ಮ ವಿಷಯದ ಕೀಲು. ಮಾರ್ಫೀನು ಶಾರ್ಙ್ಗಧರನು ಹೇಳಿದ ಕ್ರಮದಲ್ಲಿಯೇ ನಡೆಯುವುದು: ಇದ್ದ ರೂಪದಲ್ಲಿಯೇ ಮಿದುಳನ್ನು ಮುಟ್ಟಿ ನೋವನ್ನು ಅಡಗಿಸುವುದು. ಯಕೃತ್ತಿನಲ್ಲಿ ಆಗುವ ಪಾಕವು ಅದನ್ನು ದೇಹದಿಂದ ಹೊರಡಿಸುವ ದಾರಿ. ಆ ಪಾಕದಲ್ಲಿ ಹುಟ್ಟುವ ದ್ರವ್ಯಗಳಲ್ಲೊಂದಕ್ಕೆ ವೇದನಾಹರಶಕ್ತಿಯಿದ್ದರೂ ಮಾರ್ಫೀನು ಅದಕ್ಕಾಗಿ ಕಾದಿರುವುದಿಲ್ಲ. ಕೊಡೀನಿನದು ತದ್ವಿರುದ್ಧ. ಕೊಡೀನು ತಾನಾಗಿ ನೋವನ್ನು ಅಡಗಿಸುವುದು ಅತ್ಯಲ್ಪ. ಅದು ಯಕೃತ್ತನ್ನು ಸೇರಿ, ಅಲ್ಲಿನ ಒಂದು ಕಿಣ್ವದಿಂದ ಪಾಕಗೊಂಡು, ತನ್ನ ನೂರು ಭಾಗಗಳಲ್ಲಿ ಸುಮಾರು ೫ರಿಂದ ೧೦ ಭಾಗ ಮಾತ್ರ ಮಾರ್ಫೀನಾಗಿ ಪರಿಣಮಿಸುವುದು. ನೋವನ್ನು ತಡೆಯುವುದು ಮುಖ್ಯವಾಗಿ ಆ ಅಲ್ಪಭಾಗವೇ. ಎಂದರೆ ಸೌಮ್ಯೌಷಧವೆಂದು ನಾವು ಕೊಡುವ ಕೊಡೀನು ವಸ್ತುತಃ ಅಳತೆಯಿಲ್ಲದೆ ಕೊಟ್ಟ ಮಾರ್ಫೀನು. ಅಳೆಯುವ ಕೆಲಸವನ್ನು ರೋಗಿಯ ಯಕೃತ್ತಿಗೆ ಬಿಟ್ಟಿರುತ್ತೇವೆ. ನಮ್ಮ ದೇಶದಲ್ಲಿ ಇಂದು ಕೊಡೀನಿಗಿಂತ ಹೆಚ್ಚು ಬಳಕೆಯಲ್ಲಿರುವ ಟ್ರಮಡಾಲ್ ಎಂಬ ಕೃತಕೌಷಧದ ರೀತಿಯೂ ಬಹುಮಟ್ಟಿಗೆ ಇದೇ: ಅದರ ಮುಖ್ಯವಾದ ವೇದನಾಹರಶಕ್ತಿಯು ಅದೇ ಕಿಣ್ವದಿಂದ ಪಾಕವಾದ ಮೇಲೆಯೇ ಪ್ರಕಟವಾಗುವುದು.

ಆ ಕಿಣ್ವದ ಹೆಸರು ಸಿವೈಪಿ-೨ಡಿ೬. ಅದು ಎಲ್ಲರಲ್ಲಿಯೂ ಒಂದೇ ಸಮನಾಗಿಲ್ಲವೆಂಬುದು ಗೊತ್ತಾದ ಬಗೆಯನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಯುಕ್ತ. ದೇಹದ ರಸಕ್ರಿಯೆಗಳಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಹುಟ್ಟಿನಿಂದಲೇ ಭೇದವಿರುವುದೆಂದು ಇಂಗ್ಲೆಂಡಿನ ಆರ್ಚಿಬಾಲ್ಡ್ ಗ್ಯಾರಡ್ ಎಂಬ ವೈದ್ಯನು ೧೯೦೨ರಲ್ಲಿಯೇ ಸಾರಿದ್ದನು. ಔಷಧಗಳಿಂದಾಗುವ ವಿಪರೀತಫಲಗಳಿಗೆ ವಂಶವೇ ಕಾರಣವಾಗಬಹುದೆಂದು ೧೯೫೭ರಲ್ಲಿ ಅಮೆರಿಕದ ಆರ್ನೋ ಮೊಟುಲ್ಸ್ಕಿ ಬರೆದನು. ಈ ಶಾಸ್ತ್ರಕ್ಕೆ ಫಾರ್ಮಕೋಜೆನೆಟಿಕ್ಸ್ ಎಂಬ ಹೆಸರನ್ನು ೧೯೫೯ರಲ್ಲಿ ಜರ್ಮನಿಯ ಫೋಗೆಲ್ ಎಂಬವನು ಕೊಟ್ಟನು. ನಮ್ಮ ಕಿಣ್ವದ ಕಥೆಯಾದರೋ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ವಿದ್ಯಾಲಯದಲ್ಲಿ ನಡೆಯಿತು. ಅಲ್ಲಿನ ರಾಬರ್ಟ್ ಸ್ಮಿತ್ ಎಂಬ ವಿದ್ವಾಂಸನು ೧೯೭೫ರಲ್ಲಿ ರಕ್ತದ ಒತ್ತಡವನ್ನು ಇಳಿಸುವ ಡೆಬ್ರಿಸೋಕ್ವಿನ್ ಎಂಬ ಔಷಧವನ್ನು ಪರೀಕ್ಷಿಸುವುದಕ್ಕಾಗಿ ಸಹೋದ್ಯೋಗಿಗಳೊಡನೆ ತಾನೂ ಸೇವಿಸಿದನು. ಉಳಿದವರಿಗೆ ವಿಶೇಷವೇನೂ ಆಗಲಿಲ್ಲ. ಸ್ಮಿತ್ತನೊಬ್ಬನಿಗೆ ಮಾತ್ರ ಒತ್ತಡವು ಕುಸಿದು, ನಿಂತಲ್ಲಿ ನಿಲ್ಲಲಾರದಂತಾಯಿತು. ಮೂತ್ರವನ್ನು ಶೋಧಿಸಿ ನೋಡಲು, ಇತರರ ದೇಹದಲ್ಲಿ ಪಾಕಗೊಂಡು ರೂಪಾಂತರವನ್ನು ಹೊಂದಿದ್ದ ಔಷಧವು ಅವನಲ್ಲಿ ಬಹುಮಟ್ಟಿಗೆ ಹಾಗೆಹಾಗೆಯೇ ಹೊರಬಿದ್ದಿತ್ತು. ೧೯೭೭ರಲ್ಲಿ ಆ ತಂಡವು ಈ ನ್ಯೂನತೆಯು ವಂಶಾನುಗತವೆಂದು ಪ್ರಕಟಿಸಿತು. ಜರ್ಮನಿಯಲ್ಲಿ ಐಖೆಲ್‌ಬಾಮ್ ಎಂಬವನು ಸ್ಪಾರ್ಟಿನ್ ಎಂಬ ಬೇರೊಂದು ಔಷಧದಿಂದ ಇದೇ ನಿರ್ಣಯಕ್ಕೆ ಬಂದನು. ಪರೀಕ್ಷಕನೇ ಪರೀಕ್ಷಾಪಾತ್ರವಾದುದರಿಂದ ಒಂದು ಶಾಸ್ತ್ರವು ಬೆಳೆದುದಕ್ಕೆ ಇದಕ್ಕಿಂತ ಸ್ವಾರಸ್ಯವಾದ ನಿದರ್ಶನವು ನನಗೆ ತಿಳಿಯದು.

ಈ ಕಿಣ್ವದ ವಂಶವಾಹಿಯು ಇಪ್ಪತ್ತೆರಡನೆಯ ವರ್ಣತಂತುವಿನಲ್ಲಿರುವುದು. ತಾಯಿಯಿಂದೊಂದು ತಂದೆಯಿಂದೊಂದು ಎಂದು ಎರಡು ಪ್ರತಿಗಳು ಎಲ್ಲರಿಗೂ ಬರಬೇಕು. ಹಸ್ತಪ್ರತಿಗಳ ಸಂಶೋಧನೆಯನ್ನು ಮಾಡಿದವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುವುದು. ಕೆಲವು ಪ್ರತಿಗಳಲ್ಲಿ ಲೇಖಕಪ್ರಮಾದದಂತೆ ಒಂದಕ್ಷರವು ಕೆಟ್ಟು ಅರ್ಥವೇ ನಷ್ಟವಾಗಿರುವುದು. ಕೆಲವರಲ್ಲಿ ಓಲೆಯೇ ಇಲ್ಲದಂತೆ ವಂಶವಾಹಿಯೇ ಲುಪ್ತವಾಗಿರುವುದು. ಕೆಲವರಲ್ಲಿ ಪಾಠಭೇದವಿದ್ದರೂ ಅರ್ಥವು ಮಸಕಾಗಿ ಉಳಿದಿರುವುದು. ಮತ್ತೆ ಕೆಲವರಲ್ಲಿ ಒಂದೇ ಪ್ರತಿಯು ಎರಡು ಮೂರು ಬಾರಿ ನಕಲಾಗಿರುವುದು. ಸ್ವೀಡನ್ನಿನ ಒಂದು ಕುಟುಂಬದಲ್ಲಿ ತಂದೆಗೂ ಇಬ್ಬರು ಮಕ್ಕಳಿಗೂ ಹನ್ನೆರಡು ಹನ್ನೆರಡು ಪ್ರತಿಗಳಿದ್ದುವೆಂದು ೧೯೯೩ರಲ್ಲಿ ಪ್ರಕಟವಾಯಿತು. ಇದರ ಪಕ್ಕದಲ್ಲಿಯೇ ಇದನ್ನು ಹೋಲುವ, ಕೆಲಸಕ್ಕೆ ಬಾರದ ಎರಡು ಕೃತಕಪ್ರತಿಗಳಿರುವುದರಿಂದ ಪರೀಕ್ಷಕರು ಒಂದನ್ನು ಮತ್ತೊಂದೆಂದು ಭ್ರಮಿಸದಂತೆ ಎಚ್ಚರವಾಗಿರಬೇಕಾಗುವುದು. ಹೆಸರಿಟ್ಟು ಗುರುತಿಸಿದ ಪಾಠಭೇದಗಳೇ ಈಗ ನೂರಕ್ಕೆ ಮೀರಿವೆ. ಪ್ರತಿಯೊಂದಕ್ಕೂ ಅದರ ಶಕ್ತಿಗನುಗುಣವಾಗಿ ಅಂಕವನ್ನು ಕೊಟ್ಟು, ಎರಡು ಪ್ರತಿಗಳ ಅಂಕಗಳನ್ನು ಕೂಡಿಸುವರು. ಮೊತ್ತವು ಸೊನ್ನೆಯಾದರೆ ಅವನು ಪಾಕಹೀನ. ಒಂದರವರೆಗೆ ಇದ್ದರೆ ಮಂದಪಾಕ. ಅದಕ್ಕೆ ಮೇಲ್ಪಟ್ಟು ಎರಡೂಕಾಲರವರೆಗೆ ಸಮಪಾಕ. ಅದನ್ನೂ ಮೀರಿದರೆ ತೀಕ್ಷ್ಣಪಾಕ. ಈ ಹೆಸರುಗಳನ್ನು ಆಯುರ್ವೇದದ ಮಂದಾಗ್ನಿ, ಸಮಾಗ್ನಿ, ತೀಕ್ಷ್ಣಾಗ್ನಿಗಳಿಂದ ನಾನು ಎರವಲು ತಂದಿದ್ದೇನೆ. ಎರವಲು ಹೆಸರಿಗೆ ಮಾತ್ರ: ಅನ್ನವು ಚೆನ್ನಾಗಿ ಜೀರ್ಣವಾಗುವವನು ಔಷಧಪಾಕದಲ್ಲಿ ಹೀನನಾಗಿರಬಹುದು.

ಜನಾಂಗದಿಂದ ಜನಾಂಗಕ್ಕೆ ಇವರ ಪ್ರಮಾಣವು ಬೇರೆಬೇರೆ. ಯೂರೋಪಿನ ಮೂಲದವರಲ್ಲಿ ನೂರಕ್ಕೆ ೫ರಿಂದ ೧೦ ಮಂದಿ ಪಾಕಹೀನರು. ಚೀನ ಜಪಾನುಗಳಲ್ಲಿ ಅವರು ಅಪೂರ್ವ, ಆದರೆ ಮಂದಪಾಕಕ್ಕೆ ಕಾರಣವಾದ ಪಾಠಭೇದವು ಅಲ್ಲಿ ಬಹುಸಾಮಾನ್ಯ. ಇಥಿಯೋಪಿಯದ ಜನರಲ್ಲಿ ನೂರಕ್ಕೆ ೨೯ ಮಂದಿಗೆ ಹೆಚ್ಚಿನ ಪ್ರತಿಗಳಿದ್ದುವೆಂದು ೧೯೯೬ರ ಒಂದು ಅಧ್ಯಯನವು ತೋರಿಸಿತು. ಪುದುಚೇರಿಯ ಜಿಪ್ಮರ್ ಸಂಸ್ಥೆಯವರು ದಕ್ಷಿಣದೇಶದ ಜನರಲ್ಲಿ, ಕನ್ನಡನಾಡಿನವರನ್ನೂ ಸೇರಿಸಿಕೊಂಡು ನಡೆಸಿದ ಶೋಧನೆಯಲ್ಲಿ ಶಕ್ತಿಹೀನವಾದ ಪಾಠವೂ ಮಂದವಾದ ಪಾಠವೂ ಎರಡೂ ಕಂಡುಬಂದಿವೆ. ಆದಕಾರಣ ಇದು ಪರದೇಶದವರ ಕಥೆಯೆಂದು ನಾವು ಕೈಬಿಡುವಂತಿಲ್ಲ.

ತೀಕ್ಷ್ಣಪಾಕದವನಿಗೆ ಸೌಮ್ಯೌಷಧದಿಂದ ಏನಾಗಬಹುದೆಂಬುದಕ್ಕೆ ಜಿನೀವಾ ನಗರದ ವೈದ್ಯರು ೨೦೦೪ರಲ್ಲಿ ಪ್ರಕಟಿಸಿದ ಒಂದು ವೃತ್ತಾಂತವಿದೆ. ರಕ್ತದ ಅರ್ಬುದದಿಂದ ನರಳುತ್ತಿದ್ದ ೬೨ ವರ್ಷದ ಪುರುಷನೊಬ್ಬನು ಶ್ವಾಸಕೋಶದ ಉರಿಯೂತದಿಂದ ಆಸ್ಪತ್ರೆಯನ್ನು ಸೇರಿದನು. ಕೆಮ್ಮಿಗೆಂದು ದಿನಕ್ಕೆ ಮೂರು ಬಾರಿ ೨೫ ಮಿಲಿಗ್ರಾಂ ಕೊಡೀನನ್ನು ಕೊಟ್ಟರು. ಇದು ಯಾರೂ ಹೆಚ್ಚೆಂದು ಹೇಳದ ಪ್ರಮಾಣ. ನಾಲ್ಕನೆಯ ದಿನ ಅವನ ಪ್ರಜ್ಞೆಯು ತಪ್ಪಿತು. ಅಫೀಮಿನ ವಿಷಕ್ಕೆ ಪ್ರತಿವಿಷವಾದ ನಾಲೊಕ್ಸೋನನ್ನು ಕೊಟ್ಟ ಮೇಲೆ ಎಚ್ಚರಗೊಂಡು ಬದುಕಿದನು. ಪರೀಕ್ಷಿಸಲಾಗಿ ಅವನಲ್ಲಿ ಈ ವಂಶವಾಹಿಯ ಸಮರ್ಥವಾದ ಪ್ರತಿಗಳು ಮೂರು ಅಥವಾ ಅದಕ್ಕಿಂತ ಹೆಚ್ಚಾಗಿದ್ದುವು. ಆದರೆ ಅದೊಂದೇ ಕಾರಣವಲ್ಲವೆಂಬುದನ್ನು ಆ ವೈದ್ಯರು ಪ್ರಾಮಾಣಿಕವಾಗಿ ಬರೆದಿದ್ದಾರೆ. ಕೊಡೀನು ಮಾರ್ಫೀನಾಗದೆ ಹೊರಟುಹೋಗುವ ಮತ್ತೊಂದು ದಾರಿಯನ್ನು, ಸೋಂಕಿಗೆಂದು ಕೊಟ್ಟ ಬೇರೆ ಎರಡು ಔಷಧಗಳು ಮುಚ್ಚಿದ್ದುವು. ಮೂತ್ರಪಿಂಡಗಳೂ ಆಗ ಕುಗ್ಗಿದ್ದುದರಿಂದ ಮಾರ್ಫೀನಿನ ಅಂಶಗಳು ಹೊರಬೀಳದೆ ಸೇರಿಕೊಂಡುವು. ನೈಯಾಯಿಕರು ಹೇಳುವ ಕಾರಣಸಾಮಗ್ರಿಯೆಂದರೆ ಇದೇ: ಒಂದೊಂದಾಗಿ ನೋಡಿದರೆ ಸಾಲದ ಮೂರು ಕಾರಣಗಳು ಕೂಡಿದಾಗ ಕಾರ್ಯವು ಹುಟ್ಟಿತು.

ಪಾಕಹೀನನ ಅವಸ್ಥೆಯು ಇಷ್ಟು ಭಯಂಕರವಾಗಿ ಕಾಣುವುದಿಲ್ಲ. ಅದರಿಂದಲೇ ಅದು ಯಾರ ಗಮನಕ್ಕೂ ಬೀಳುವುದಿಲ್ಲ. ಅವನಿಗೆ ಕೊಡೀನನ್ನಾಗಲಿ ಟ್ರಮಡಾಲನ್ನಾಗಲಿ ಕೊಟ್ಟರೆ ಮಲಬದ್ಧತೆ, ಓಕರಿಕೆ ಮುಂತಾದ ಅನಿಷ್ಟಗಳು ಬಂದರೂ ಬಂದಾವು, ನೋವು ಮಾತ್ರ ಇಳಿಯುವುದಿಲ್ಲ. ಅವನು ಹಾಗೆಂದು ಹೇಳುವನು. ಕೇಳಿದವರು ಏನೆಂದುಕೊಳ್ಳುವರು? ಔಷಧವು ಕೆಲಸಮಾಡಿರಲೇಬೇಕು, ಇವನಿಗೆ ಧೈರ್ಯವಿಲ್ಲ ಎನ್ನುವರು. ಇನ್ನೂ ಬೇಕೆಂದು ಕೇಳಿದರೆ ಚಟಕ್ಕೆ ಬಿದ್ದನೆನ್ನುವರು. ನನ್ನೊಡನೆ ವ್ಯಾಕರಣವನ್ನು ಓದಿದ ಮಿತ್ರರೊಬ್ಬರು ತಮ್ಮ ಕಡೆಯ ತಿಂಗಳುಗಳಲ್ಲಿ ಈ ಮಾತನ್ನು ಸ್ವಂತ ಮನೆಯವರಿಂದಲೇ ಕೇಳಿದರು. ಅವರಿಗೆ ಯಾವ ಪರೀಕ್ಷೆಯೂ ನಡೆಯಲಿಲ್ಲವಾದ್ದರಿಂದ ಕಾರಣವು ಇದೇ ಎಂದು ನಾನು ಹೇಳುತ್ತಿಲ್ಲ. ಹೇಳುವುದಿಷ್ಟೆ. ಸುಖದುಃಖಗಳು ಆತ್ಮನಿಗೆ ಮಾನಸಪ್ರತ್ಯಕ್ಷದಿಂದ ತಿಳಿಯತಕ್ಕವೆಂದೂ ಪರರಿಗೆ ಅವು ಪ್ರತ್ಯಕ್ಷವಲ್ಲವೆಂದೂ ನ್ಯಾಯಶಾಸ್ತ್ರವನ್ನು ಓದುವ ಬಾಲಕರಿಗೂ ಗೊತ್ತು. ನೋವಿನ ವಿಷಯದಲ್ಲಿ ನೋಯುವವನೇ ಆಪ್ತ. ಅವನ ಮಾತೇ ಶಬ್ದಪ್ರಮಾಣ. ಹೀಗಿದ್ದರೂ ಗುಳಿಗೆಯ ಹೆಸರು ಮತ್ತು ತೂಕಗಳಿಂದ ಮಾಡಿದ ದುರ್ಬಲವಾದ ಅನುಮಾನವೊಂದನ್ನು ಆ ಪ್ರಮಾಣದ ಮೇಲೆ ನಿಲ್ಲಿಸುತ್ತೇವೆ. ವಂಶವಾಹಿ ಪರೀಕ್ಷೆಯು ಇಲ್ಲಿ ಮಾಡುವ ದೊಡ್ಡ ಉಪಕಾರವೇನೆಂದರೆ, ಆ ಅನುಮಾನದ ಹೇತುವೇ ಅಸಿದ್ಧವೆಂದು ತೋರಿಸುವುದು: ಪಾಕಹೀನನ ದೇಹದೊಳಕ್ಕೆ ಹೋದುದು ನೋವಿನ ಔಷಧವಾಗಿಯೇ ಪರಿಣಮಿಸಿರಲಿಲ್ಲ.

ಈ ತತ್ತ್ವಗಳನ್ನು ಅನುಸರಿಸಿ ವೈದ್ಯರಿಗೆ ಮಾರ್ಗದರ್ಶನವನ್ನು ಕೊಡುವುದಕ್ಕಾಗಿ ೨೦೦೯ರಲ್ಲಿ ಸ್ಥಾಪಿತವಾದ ಕ್ಲಿನಿಕಲ್ ಫಾರ್ಮಕೋಜೆನೆಟಿಕ್ಸ್ ಇಂಪ್ಲಿಮೆಂಟೇಷನ್ ಕನ್ಸಾರ್ಷಿಯಮ್ ಎಂಬ ವಿದ್ವನ್ಮಂಡಲಿಯು ಪಾಕಹೀನರಿಗೂ ತೀಕ್ಷ್ಣಪಾಕದವರಿಗೂ ಕೊಡೀನು ಟ್ರಮಡಾಲುಗಳೆರಡನ್ನೂ ವರ್ಜಿಸಬೇಕೆಂದು ವಿಧಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೨ರಲ್ಲಿ ಮಕ್ಕಳ ದೀರ್ಘವೇದನೆಯ ವಿಷಯದಲ್ಲಿ ಕೊಡೀನನ್ನು ತೆಗೆದುಹಾಕಿ ಮೂರು ಮೆಟ್ಟಿಲುಗಳನ್ನು ಎರಡಕ್ಕಿಳಿಸಿತು.

ನೋವಲ್ಲದೆ ಇತರ ಉಪದ್ರವಗಳಲ್ಲಿಯೂ ಇದೇ ವಿಚಾರವು ಬರುವುದು. ಅರ್ಬುದನಾಶಕವಾದ ತೀಕ್ಷ್ಣೌಷಧಗಳಿಂದುಂಟಾಗುವ ವಾಂತಿಯನ್ನು ತಡೆಯಲು ಕೊಡುವ ಒಂಡ್ಯಾನ್‌ಸೆಟ್ರಾನ್, ಟ್ರೋಪಿಸೆಟ್ರಾನ್ ಎಂಬವು ಇದೇ ಕಿಣ್ವದಿಂದ ಭಾಗಶಃ ನಾಶವಾಗುವುವು. ಇಲ್ಲಿ ಕ್ರಮವು ತಲೆಕೆಳಗು: ಪಾಕವು ತೀಕ್ಷ್ಣವಾದಷ್ಟೂ ಔಷಧವು ಬೇಗ ತೀರಿಹೋಗುವುದು. ಜರ್ಮನಿಯಲ್ಲಿ ೨೭೦ ರೋಗಿಗಳನ್ನು ನೋಡಿ ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚಿನ ಪ್ರತಿಗಳುಳ್ಳವರಿಗೇ ವಾಂತಿಯು ಹೆಚ್ಚಾಗಿತ್ತು. ಅಂಥವರಿಗೆ ಈ ದಾರಿಯನ್ನು ಹಿಡಿಯದ ಗ್ರಾನಿಸೆಟ್ರಾನ್ ಲೇಸೆಂದು ೨೦೧೭ರ ಮಾರ್ಗದರ್ಶನವು ಹೇಳುವುದು. ನರವೇದನೆಗೆ ಕೊಡುವ ಅಮಿಟ್ರಿಪ್ಟಿಲಿನ್, ಮನಃಖೇದಕ್ಕೆ ಕೊಡುವ ಸಿಟಾಲೊಪ್ರಾಮ್, ಉರಿಯೂತಕ್ಕೆ ಕೊಡುವ ಸೆಲೆಕಾಕ್ಸಿಬ್ ಇವುಗಳಿಗೂ ಇದೇ ಕಿಣ್ವವನ್ನೋ ಇದರ ಸೋದರ ಕಿಣ್ವಗಳನ್ನೋ ಕುರಿತ ವಿಧಿಗಳುಂಟು. ಅವನ್ನೆಲ್ಲ ಇಲ್ಲಿ ವಿಸ್ತರಿಸುವುದಿಲ್ಲ.

ಇಷ್ಟನ್ನು ಕೇಳಿದವರಿಗೆ ವಂಶವಾಹಿಯನ್ನು ಓದಿಬಿಟ್ಟರೆ ಔಷಧಫಲವು ಕರತಲಾಮಲಕವಾಗುವುದೆಂಬ ಭ್ರಾಂತಿಯು ಹುಟ್ಟಬಹುದು. ಅದನ್ನು ಪರಿಹರಿಸಬೇಕು. ಬೆಂಕಿಯಿರುವುದರಿಂದ ಹೊಗೆಯಿರಬೇಕೆಂಬ ಅನುಮಾನದಲ್ಲಿ ಹಸಿಯ ಸೌದೆಯು ಉಪಾಧಿಯೆಂದು ನಾವು ಪಾಠ ಹೇಳುವುದಿಲ್ಲವೆ? ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗೆಯೇ ಸಮಪಾಕದ ವಂಶವಾಹಿಯಿರುವುದರಿಂದ ಸಮಪಾಕವಿರಬೇಕೆಂಬ ಊಹೆಗೆ ಇತರ ಔಷಧಗಳ ಅಭಾವವು ಉಪಾಧಿಯಾಗಿರುವುದು. ಪ್ಯಾರಾಕ್ಸೆಟೀನ್, ಫ್ಲುವಾಕ್ಸೆಟೀನ್ ಎಂಬ ಮನಃಖೇದಹರಗಳು ನಮ್ಮ ಕಿಣ್ವವನ್ನು ಕಟ್ಟಿಹಾಕುವುವು. ಅವನ್ನು ಸೇವಿಸುತ್ತಿರುವ ಸಮಪಾಕದವನು ಕಾರ್ಯತಃ ಪಾಕಹೀನನೇ ಆಗಿಬಿಡಬಹುದು. ಪರೀಕ್ಷೆಯ ಪತ್ರದಲ್ಲಿ ಮಾತ್ರ ಸಮಪಾಕವೆಂದೇ ಬರೆದಿರುವುದು. ಸ್ತನಾರ್ಬುದಕ್ಕೆ ಕೊಡುವ ಟಾಮಾಕ್ಸಿಫೆನ್ ಎಂಬ ಔಷಧದಲ್ಲಿ ಈ ತೊಡಕು ಇನ್ನೂ ಗಹನವಾದುದು. ಅದೂ ಇದೇ ಕಿಣ್ವದಿಂದ ಪಾಕಗೊಂಡು ಎಂಡಾಕ್ಸಿಫೆನ್ ಆಗಿ ಬಲಗೊಳ್ಳುವುದು. ಆ ಔಷಧದಿಂದ ಮೈಯುರಿ ಬರುವುದುಂಟು. ಅದನ್ನು ಶಮನಗೊಳಿಸಲೆಂದು ಪ್ಯಾರಾಕ್ಸೆಟೀನನ್ನು ಕೊಡುವ ವಾಡಿಕೆಯಿತ್ತು. ಕೆನಡಾದ ಒಂಟಾರಿಯೋ ಪ್ರಾಂತದ ೨,೪೩೦ ಸ್ತ್ರೀಯರನ್ನು ಕುರಿತು ೨೦೧೦ರಲ್ಲಿ ಪ್ರಕಟವಾದ ಅಧ್ಯಯನವು ಈ ಎರಡೂ ಔಷಧಗಳನ್ನು ಕೂಡ ಹೆಚ್ಚುಕಾಲ ಸೇವಿಸಿದವರಲ್ಲಿ ಸ್ತನಾರ್ಬುದದ ಮರಣಗಳು ಹೆಚ್ಚೆಂದು ತೋರಿಸಿತು. ಆಮೇಲಿನ ಕೆಲವು ಅಧ್ಯಯನಗಳು ಇದನ್ನು ಸಮರ್ಥಿಸಲಿಲ್ಲ. ಆದರೂ ಉಪದ್ರವದ ಶಮನಕ್ಕೆಂದು ಕೊಟ್ಟುದು ಮೂಲಚಿಕಿತ್ಸೆಯನ್ನೇ ಕುಂದಿಸೀತೆಂಬ ಶಂಕೆಯಿಂದ ವೈದ್ಯರು ಈಗ ವೆನ್ಲಾಫ್ಯಾಕ್ಸಿನ್ ಮೊದಲಾದವನ್ನು ಆರಿಸುವರು. ಆದ್ದರಿಂದ ಪರೀಕ್ಷಾಪತ್ರವನ್ನು ಓದುವವರು ರೋಗಿಯ ಔಷಧಗಳ ಪಟ್ಟಿಯನ್ನೂ ಜೊತೆಗಿಟ್ಟುಕೊಂಡು ಓದಬೇಕು.

ಎರಡನೆಯ ಮಿತಿಯು ಇನ್ನೂ ಮುಖ್ಯವಾದುದು. ಮಾರ್ಫೀನ್ ಮೊದಲಾದ ಪ್ರಬಲೌಷಧಗಳಲ್ಲಿಯೂ ಒಬ್ಬನಿಗೆ ಬೇಕಾದ ಪ್ರಮಾಣಕ್ಕೂ ಮತ್ತೊಬ್ಬನದಕ್ಕೂ ಬಹಳ ಅಂತರವಿರುವುದಷ್ಟೆ. ಅದನ್ನೂ ವಂಶವಾಹಿಗಳಿಂದ ಹೇಳಬಹುದೆಂಬ ಆಸೆಯಿಂದ ಯೂರೋಪಿನ ೧೧ ದೇಶಗಳ ೨,೨೯೪ ಅರ್ಬುದರೋಗಿಗಳಲ್ಲಿ ೨೫ ವಂಶವಾಹಿಗಳನ್ನು ಶೋಧಿಸಿದರು. ೨೦೧೧ರಲ್ಲಿ ಫಲವು ಪ್ರಕಟವಾಯಿತು: ಔಷಧಪ್ರಮಾಣಕ್ಕೂ ಆ ಯಾವ ವಂಶವಾಹಿಗೂ ನಂಬತಕ್ಕ ಸಂಬಂಧವು ದೊರೆಯಲಿಲ್ಲ. ಮೇಲೆ ಹೇಳಿದ ವಿದ್ವನ್ಮಂಡಲಿಯೂ ೨೦೨೧ರ ತನ್ನ ಮಾರ್ಗದರ್ಶನದಲ್ಲಿ, ಮಾರ್ಫೀನು ಮಿದುಳಿನಲ್ಲಿ ಹೋಗಿ ಕೂಡುವ ಗ್ರಾಹಕದ ವಂಶವಾಹಿಯನ್ನು ನೋಡಿ ಪ್ರಮಾಣವನ್ನು ನಿರ್ಣಯಿಸುವಷ್ಟು ಸಾಕ್ಷ್ಯವಿಲ್ಲವೆಂದು ಹೇಳಿತು. ನೋವೆಂಬುದು ಗಂತಿಯ ಸ್ಥಾನ, ಮೂತ್ರಪಿಂಡಗಳ ಬಲ, ನಿದ್ರೆ, ಭಯ ಇಂಥ ಅನೇಕ ಕಾರಣಗಳ ಕೂಟ. ಎಲ್ಲವನ್ನೂ ಒಂದು ಲಾಲಾರಸದ ಪರೀಕ್ಷೆಯಿಂದ ಹೇಳುತ್ತೇವೆಂದು ಪ್ರಕಟನೆಗಳನ್ನು ಹಂಚುವ ವ್ಯಾಪಾರಿಗಳ ಮಾತನ್ನು ವಿದ್ಯಾವಂತರೂ ನಂಬುತ್ತಿರುವುದು ಶೋಚನೀಯ.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. ಮಧ್ಯದ ಮೆಟ್ಟಿಲಿನ ಔಷಧಗಳೇ ಇಷ್ಟು ಅನಿಶ್ಚಿತವಾದರೆ ಅವನ್ನು ಬಿಟ್ಟು ಮೊದಲೇ ಅಲ್ಪಪ್ರಮಾಣದ ಮಾರ್ಫೀನನ್ನು ಕೊಡಬಾರದೇಕೆ? ಆಗ ಪರೀಕ್ಷೆಯೇ ಬೇಕಾಗುವುದಿಲ್ಲವಲ್ಲ! ಇದು ತಳ್ಳಿಹಾಕತಕ್ಕ ವಾದವಲ್ಲ. ಇಟಲಿಯಲ್ಲಿ ೨೪೦ ರೋಗಿಗಳಲ್ಲಿ ನಡೆಸಿ ೨೦೧೬ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅಲ್ಪಪ್ರಮಾಣದ ಮಾರ್ಫೀನಿನಿಂದ ನೂರಕ್ಕೆ ೮೮ ಮಂದಿಗೂ ಸೌಮ್ಯೌಷಧಗಳಿಂದ ೫೮ ಮಂದಿಗೂ ಗೊತ್ತಾದ ಮಟ್ಟಿಗೆ ನೋವು ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ೨೦೧೮ರ ಗ್ರಂಥವೂ ಸೋಪಾನಕ್ರಮವನ್ನು ಕೇವಲ ಸಾಮಾನ್ಯಸೂಚನೆಯೆಂದೇ ಹೇಳುವುದು. ಮಾರ್ಫೀನು ಸುಲಭವಾಗಿ ದೊರೆಯುವೆಡೆಯಲ್ಲಿ ಪೂರ್ವಪಕ್ಷಿಯೇ ಗೆಲ್ಲುವನೆಂದು ನನ್ನ ಅಭಿಪ್ರಾಯ. ಆದರೆ ನಮ್ಮಲ್ಲಿ? ಅಫೀಮಿನ ಗಿಡವನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಅಪ್ಪಣೆಯಿಂದ ಬೆಳೆಯುವ ದೇಶವಿದು. ೧೯೮೫ರ ಮಾದಕದ್ರವ್ಯಗಳ ಕಾಯಿದೆಯ ಬಿಗಿಯಿಂದ ಅದೇ ದೇಶದ ರೋಗಿಗಳಿಗೆ ಮಾರ್ಫೀನು ದುರ್ಲಭವಾಯಿತು. ೨೦೧೪ರಲ್ಲಿ ಆ ಕಾಯಿದೆಯನ್ನು ತಿದ್ದಿ ಸಡಿಲಿಸಿದರೂ ಸಣ್ಣ ಊರುಗಳ ಔಷಧದ ಅಂಗಡಿಗಳಲ್ಲಿ ಅದು ಇಂದಿಗೂ ದೊರೆಯುವುದು ಅಪೂರ್ವ, ದೊರೆಯುವುದು ಟ್ರಮಡಾಲ್. ಎಲ್ಲಿ ಪಾಕಾಧೀನವಾದ ಔಷಧವೇ ಗತಿಯೋ ಅಲ್ಲಿ ಪಾಕಭೇದದ ಜ್ಞಾನವು ಹೆಚ್ಚು ಬೇಕಾಗುವುದು. ಅಲ್ಲಿಯೇ ಪರೀಕ್ಷೆಗೆ ಬೇಕಾದ ಹಣವೂ ಪ್ರಯೋಗಶಾಲೆಯೂ ಇಲ್ಲ.

ಸಾಕ್ಷ್ಯವೆಲ್ಲವೂ ನಿರಾಶಾದಾಯಕವೆಂದಲ್ಲ. ಯೂರೋಪಿನ ಏಳು ದೇಶಗಳಲ್ಲಿ ೬,೯೪೪ ರೋಗಿಗಳನ್ನು ತೆಗೆದುಕೊಂಡು ೧೨ ವಂಶವಾಹಿಗಳನ್ನು ಮೊದಲೇ ನೋಡಿ ಔಷಧ ಕೊಟ್ಟ ಪರೀಕ್ಷೆಯ ಫಲವು ೨೦೨೩ರಲ್ಲಿ ಪ್ರಕಟವಾಯಿತು. ಔಷಧವನ್ನು ಬದಲಿಸಬೇಕಾದಂಥ ವಂಶವಾಹಿಯುಳ್ಳವರಲ್ಲಿ ಅನಿಷ್ಟಫಲಗಳು, ಪರೀಕ್ಷೆಯನ್ನು ಅನುಸರಿಸಿದ ಕಡೆ ನೂರಕ್ಕೆ ೨೧, ಅನುಸರಿಸದ ಕಡೆ ಸುಮಾರು ೨೮ ಆಗಿದ್ದುವು. ಅವರೆಲ್ಲರೂ ಅರ್ಬುದರೋಗಿಗಳಲ್ಲ, ಯಾರು ಯಾವ ಪಕ್ಷದಲ್ಲಿರುವರೆಂಬುದು ರೋಗಿಗಳಿಗೂ ವೈದ್ಯರಿಗೂ ತಿಳಿದೇ ಇತ್ತಾದ್ದರಿಂದ ಆಕ್ಷೇಪಕ್ಕೆ ಎಡೆಯುಂಟು. ಆದರೂ ಇದು ಅಲಕ್ಷ್ಯಮಾಡತಕ್ಕ ಫಲವಲ್ಲ.

ಚರಕಾಚಾರ್ಯನು ಸೂತ್ರಸ್ಥಾನದ ಮೊದಲನೆಯ ಅಧ್ಯಾಯದಲ್ಲಿಯೇ, ದೇಶಕಾಲಗಳನ್ನೂ ಒಬ್ಬೊಬ್ಬ ಪುರುಷನನ್ನೂ ಬೇರೆಬೇರೆಯಾಗಿ ನೋಡಿ ಔಷಧವನ್ನು ಯೋಜಿಸಬಲ್ಲವನೇ ಉತ್ತಮವೈದ್ಯನೆಂಬ ಅಭಿಪ್ರಾಯವನ್ನು ಹೇಳಿರುವನು. ವಿಮಾನಸ್ಥಾನದಲ್ಲಿ ರೋಗಿಯಲ್ಲಿ ನೋಡತಕ್ಕ ಹತ್ತು ವಿಷಯಗಳಲ್ಲಿ ಪ್ರಕೃತಿಯನ್ನು ಮೊದಲು ಎಣಿಸಿರುವನು. ಇದನ್ನು ಹಿಡಿದು ವಂಶವಾಹಿಶಾಸ್ತ್ರವೆಲ್ಲ ಚರಕದಲ್ಲಿದೆಯೆಂದು ಸಭೆಗಳಲ್ಲಿ ಉಪನ್ಯಾಸ ಮಾಡುವವರನ್ನು ಕೇಳಿದ್ದೇನೆ. ಅದು ಚರಕನಿಗೆ ಮಾಡುವ ಗೌರವವಲ್ಲ. ಅವನು ಹೇಳಿದ ವಾತಾದಿ ಪ್ರಕೃತಿಗಳು ಕಣ್ಣು, ಕೈ, ಪ್ರಶ್ನೆಗಳಿಂದ ತಿಳಿಯತಕ್ಕುವು. ಯಕೃತ್ತಿನ ಕಿಣ್ವದ ಪಾಠಭೇದವಾದರೋ ಎಷ್ಟು ನೋಡಿದರೂ ಕೇಳಿದರೂ ತಿಳಿಯತಕ್ಕುದಲ್ಲ. ಸ್ಮಿತ್ತನಂಥ ವಿದ್ವಾಂಸನಿಗೇ ಆ ಗುಳಿಗೆಯನ್ನು ನುಂಗುವವರೆಗೆ ತನ್ನ ಪಾಕಹೀನತೆಯು ತಿಳಿದಿರಲಿಲ್ಲ. ಪುರುಷನನ್ನು ನೋಡಿ ಔಷಧವನ್ನು ಕೊಡಬೇಕೆಂಬ ವಿಧಿಯು ಹಳೆಯದು. ನೋಡುವ ಕಣ್ಣೊಂದು ಹೊಸದಾಗಿ ಬಂದಿದೆ. ಇಷ್ಟನ್ನು ಹೇಳಿದರೆ ಎರಡು ಶಾಸ್ತ್ರಗಳಿಗೂ ನ್ಯಾಯವಾಗುವುದು.

ಕೊನೆಯದಾಗಿ ಕಾಲದ ವಿಷಯ. ಪರೀಕ್ಷೆಯು ಬೆಂಗಳೂರಿನಂಥ ನಗರಗಳ ಪ್ರಯೋಗಶಾಲೆಗಳಲ್ಲಿ ನಡೆಯುವುದಾದರೂ ಉತ್ತರವು ಕೈಸೇರಲು ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುವುವು. ನೋವು ಮಿತಿಮೀರಿದ ಮೇಲೆ ಅದನ್ನು ಮಾಡಿಸಹೊರಟರೆ ಉತ್ತರವು ಬರುವಷ್ಟರಲ್ಲಿ ಔಷಧವನ್ನು ನಾಲ್ಕು ಬಾರಿ ಬದಲಿಸಿ ಆಗಿರುವುದು. ಕೆಲವರಿಗೆ ಅಷ್ಟು ಕಾಲವೂ ಉಳಿದಿರುವುದಿಲ್ಲ. ಮಾಡಿಸುವುದಾದರೆ ರೋಗವು ನಿರ್ಣಯವಾದ ಕೂಡಲೇ, ಇತರ ರಕ್ತಪರೀಕ್ಷೆಗಳೊಡನೆ ಮಾಡಿಸುವುದು ಯುಕ್ತ. ಮಾಡಿಸಲಾಗದಿದ್ದಲ್ಲಿ, ಪೂರ್ವದಲ್ಲಿ ಯಾವಾಗಲಾದರೂ ಹಲ್ಲನ್ನು ಕೀಳಿಸಿದಾಗಲೋ ಮೂಳೆ ಮುರಿದಾಗಲೋ ಇಂಥ ಗುಳಿಗೆಯನ್ನು ತೆಗೆದುಕೊಂಡುದುಂಟೆ, ಅದರಿಂದ ಏನಾಯಿತು ಎಂದು ರೋಗಿಯನ್ನು ಕೇಳುವುದಕ್ಕೆ ಹಣವು ಬೇಕಾಗಿಲ್ಲ. ಪರೀಕ್ಷೆಯ ಪತ್ರವನ್ನು ಮನೆಯವರು ಕಾಪಾಡಿಕೊಂಡಿರುವುದೂ ಅವಶ್ಯಕ. ರೋಗಿಯು ಪಾಕಹೀನನಾಗಿದ್ದರೆ ಅವನ ಒಡಹುಟ್ಟಿದವರಲ್ಲಿ ಒಬ್ಬೊಬ್ಬರೂ ಪಾಕಹೀನರಾಗಿರುವ ಸಂಭವವು ಕನಿಷ್ಠಪಕ್ಷ ನಾಲ್ಕರಲ್ಲೊಂದು. ಅವನ ಮಕ್ಕಳೆಲ್ಲರೂ ಶಕ್ತಿಹೀನವಾದ ಒಂದು ಪ್ರತಿಯನ್ನಾದರೂ ಅವನಿಂದ ಪಡೆದೇ ಇರುವರು. ಅವನ ತರುವಾಯ ಅವರ ವೈದ್ಯನಿಗೆ ಆ ಪತ್ರವು ಬೇಕಾದೀತು.